ದೊರೆ ಕ್ಯಾಮೆರಾದೊಳಗಿನ ಮೇಕೆಗಳು

ನಾನು ಈಗ ಹೇಳಹೊರಟಿರುವುದನ್ನು ನೀವು ನಂಬುವುದಿಲ್ಲ. ನಂಬಲೇಬೇಕು ಅಂತ ನಾನು ಬಲವಂತವನ್ನೂ ಮಾಡುವುದಿಲ್ಲ, ಯಾಕೆಂದರೆ ನನ್ನನ್ನು ನಂಬುವ ಅಭ್ಯಾಸ ನಮ್ಮ ಮನೆಯಲ್ಲೇ ಯಾರಿಗೂ ಇಲ್ಲ. ನಾನು ಹೊಟ್ಟೆನೋವು ಅಂದರೆ ಅಮ್ಮ ನನ್ನ ಹೊಟ್ಟೆ ಮುಟ್ಟುವುದಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಾಳೆ, ಅವತ್ತು ಕಾಲೇಜಿನಲ್ಲಿ ಯಾವ ಟೆಸ್ಟ್ ಅಂತ. ದಾರಿಯಲ್ಲಿ ಇಷ್ಟುದ್ದದ ಹಾವು ನೋಡಿದೆ ಅಂತ ನಾನು ಎರಡೂ ಕೈ ಅಗಲಿಸಿದರೆ, ಅಪ್ಪ ಮುದ್ದೆ ಮುರಿಯುತ್ತಲೇ ಎಡಗೈ ಚಾಚಿ ನನ್ನ ಬಲಗೈಯನ್ನು ಎಡಗೈಯ ಕಡೆಗೆ ನಿಧಾನವಾಗಿ ತಳ್ಳುತ್ತಾ ಬಂದು, ಒಂದು ಎರೆಹುಳದ ಅಳತೆಗೆ ತಂದು ನಿಲ್ಲಿಸಿ, "ಇಷ್ಟು ಇತ್ತು, ಅಲ್ವಾ?" ಅನ್ನುತ್ತಾರೆ. ಅದು ನನ್ನ ಮನಸ್ಸಿಗೆ ನೋವಾಗುವ ವಿಷಯ, ಯಾಕೆಂದರೆ ಅಪ್ಪನ ಅಳತೆ ಸಾಮಾನ್ಯವಾಗಿ ಸರಿಯಾಗಿರುತ್ತದೆ.

ನಾನು ಸುಳ್ಳುಗಾರನಲ್ಲ. ಒಂದು ಸೌಟು ದೋಸೆಹಿಟ್ಟನ್ನು ಕಾವಲಿಯ ಅಂಚಿನವರೆಗೆ ಎಳೆಯುವವರನ್ನು ಯಾರಾದರೂ ಸುಳ್ಳುಗಾರರು ಅನ್ನುತ್ತಾರಾ? ಹಿಟ್ಟು ಒಂದೇ ಸೌಟು, ಆದರೆ ದೋಸೆ ದೊಡ್ಡದು. ನನ್ನ ಮಾತೂ ಹಾಗೇ. ಅದರಲ್ಲೂ ನಾನು ಹುಟ್ಟಿದ ಊರಾದ ಕೆ.ಜಿ.ಎಫ್‌.ನ ಹೆಸರಲ್ಲೇ ಚಿನ್ನ ಇರುವಾಗ ಎಳೆಯದೆ ಇರುವುದು ಹೇಗೆ? ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಗಣಿ ಮುಚ್ಚಿತ್ತು. ನಾನು ಕಣ್ಣಾರೆ ನೋಡಿರುವುದು ಚಿನ್ನ ತೆಗೆದ ಮೇಲೆ ಉಳಿದ ಬಿಳಿ ಮಣ್ಣಿನ ಸೈನೈಡ್ ದಿಬ್ಬವನ್ನು, ಮತ್ತು ಗಾಳಿ ಬೀಸಿದಾಗ ಆ ದಿಬ್ಬ ಅರ್ಧಕ್ಕರ್ಧ ಎದ್ದುಬಂದು ಅಮ್ಮ ಒಗೆದು ಹರವಿದ ಬಟ್ಟೆಯ ಮೇಲೆ ಕೂರುವುದನ್ನು. ಆದರೂ ಬಂಗಾರಪೇಟೆಯ ಕಾಲೇಜಿನಲ್ಲಿ ಯಾರಾದರೂ "ನಿಮ್ಮ ಕಡೆ ಈಗಲೂ ಚಿನ್ನ ಸಿಗುತ್ತಾ?" ಅಂತ ಕೇಳಿದರೆ, ನಾನು ದನಿ ತಗ್ಗಿಸಿ, "ನಮ್ಮಮ್ಮ ಅಂಗಳ ಗುಡಿಸಿದ ಕಸವನ್ನು ಒಂದು ಸಲ ಜರಡಿ ಹಿಡಿಯದೆ ಬಿಸಾಡೋದಿಲ್ಲ" ಅಂತ ಮಾತ್ರ ಹೇಳುತ್ತೇನೆ. ಅದು ನಿಜ. ಅಮ್ಮ ಬ್ಲೌಸ್ ಹೊಲಿಯುವವಳು. ಕಸದಲ್ಲಿ ಬಿದ್ದ ಹುಕ್ಕು ಹುಡುಕಲು ಜರಡಿ ಹಿಡಿಯುತ್ತಾಳೆ. ಹುಕ್ಕಿನ ವಿಷಯ ನನ್ನನ್ನು ಯಾರೂ ಕೇಳಿಲ್ಲ.

ಆದರೆ ಈಗಿನ ಕಾಲದಲ್ಲಿ ಬರೀ ಬಾಯಿಂದ ಜಂಬ ಕೊಚ್ಚುವುದು ಬಹಳ ಕಷ್ಟ. ಎಲ್ಲರ ಕೈಯಲ್ಲೂ ಫೋನು. ಏನು ಹೇಳಿದರೂ "ಫೋಟೋ ತೋರಿಸು" ಅನ್ನುತ್ತಾರೆ. ನನ್ನ ಪಕ್ಕದ ಮನೆಯ ಸೆಲ್ವ, ನನ್ನ ಜೊತೆ ಕೋರಮಂಡಲ ಸ್ಟೇಷನ್ನಿನಲ್ಲಿ ಟ್ರೇನು ಹತ್ತಿ ಅದೇ ಕಾಲೇಜಿಗೆ ಬರುವವನು, ಅವನ ಫೋನಿಗೆ ಬೆನ್ನಲ್ಲಿ ಮೂರು ಕಣ್ಣು. ಚಂದ್ರನಲ್ಲಿರುವ ಗುಂಡಿಗಳನ್ನೂ ತೋರಿಸುತ್ತಾನೆ. ನನ್ನ ಫೋನಿಗೆ ಒಂದೇ ಕಣ್ಣು, ಅದರಲ್ಲೂ ಪೊರೆ. ಹೀಗಾಗಿ ನನಗೆ ಯಾರ ಹತ್ತಿರವೂ ಇಲ್ಲದ, ಯಾರೂ ಪರೀಕ್ಷೆ ಮಾಡಲಾಗದ ಒಂದು ಘನವಾದ ವಸ್ತು ತುರ್ತಾಗಿ ಬೇಕಾಗಿತ್ತು. ಅದು ನನಗೆ ಸಿಕ್ಕಿದ್ದು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹಿಂದಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ.

ಆ ಅಂಗಡಿಯಲ್ಲಿ ಇರುವುದೆಲ್ಲ ದೊರೆಯದೇ. ಅಂದರೆ ಗಣಿ ನಡೆಸುತ್ತಿದ್ದ ಇಂಗ್ಲಿಷ್ ದೊರೆಯದು. ಕೈ ಮುರಿದ ಕುರ್ಚಿ ಮುಟ್ಟಿದರೆ ಅಂಗಡಿಯವರು "ಅದು ದೊರೆ ಕೂತಿದ್ದು" ಅನ್ನುತ್ತಾರೆ. ನಿಂತ ಗಡಿಯಾರ ನೋಡಿದರೆ "ದೊರೆ ಟೈಮ್ ನೋಡ್ತಿದ್ದಿದ್ದು" ಅನ್ನುತ್ತಾರೆ. ಅಲ್ಲಿರುವ ಕುರ್ಚಿಗಳನ್ನು ನೋಡಿದರೆ ದೊರೆಗೆ ಬೇರೆ ಯಾವ ಕೆಲಸವೂ ಇರಲಿಲ್ಲ, ಬೆಳಗಿಂದ ಸಂಜೆಯವರೆಗೆ ಕುರ್ಚಿಯಿಂದ ಕುರ್ಚಿಗೆ ಹೋಗಿ ಕೂರುತ್ತಿದ್ದ ಅನ್ನಿಸುತ್ತದೆ. ಅವತ್ತು ನಾನು ಒಂದು ಇಸ್ತ್ರಿಪೆಟ್ಟಿಗೆ ಸರಿಸಿದಾಗ ಅದರ ಹಿಂದೆ ಕಂದು ಚರ್ಮದ ಚೀಲವೊಂದು ಕಾಣಿಸಿತು. ಬಿಚ್ಚಿ ನೋಡಿದರೆ ಕ್ಯಾಮೆರಾ. ರೀಲು ಹಾಕುವ ಹಳೇ ಕಾಲದ್ದು. ಬೆಳ್ಳಿಯ ತಲೆ, ಕಪ್ಪು ಹೊಟ್ಟೆ, ಕೈಗೆ ಒಂದು ಇಟ್ಟಿಗೆಯಷ್ಟು ಭಾರ.

"ಅದು ದೊರೆ ಕ್ಯಾಮೆರಾ ತಂಬಿ," ಅಂದರು ಅಂಗಡಿಯವರು, ತಲೆ ಎತ್ತದೆ.

ನಾನು ತಿರುಗಿಸಿ ನೋಡಿದೆ. ತಳದಲ್ಲಿ ಯಾವುದೋ ಮದುವೆ ಸ್ಟುಡಿಯೋದ ಹೆಸರನ್ನು ಮೊಳೆಯಿಂದ ಕೆತ್ತಿದ್ದರು, ಕನ್ನಡದಲ್ಲಿ.

"ದೊರೆಗೆ ಕನ್ನಡ ಬತ್ತಿತ್ತಾ ಅಣ್ಣಾ?"

"ಯಾಕೆ ಬರಲ್ಲ? ಇಲ್ಲೇ ಅಲ್ವಾ ಇದ್ದಿದ್ದು. ಕನ್ನಡ, ತಮಿಳು, ತೆಲುಗು, ಎಲ್ಲಾ ಮಾತಾಡ್ತಿದ್ರು. ನಿನಗಿಂತ ಚೆನ್ನಾಗಿ."

ಇಂಥವರ ಮುಂದೆ ನಾನು ಕೈಮುಗಿದು ನಿಲ್ಲುತ್ತೇನೆ. ಎಳೆಯುವುದನ್ನು ನಾನು ಇವರಿಂದ ಇನ್ನೂ ಕಲಿಯಬೇಕು. ಮಾರನೆಯ ದಿನ ನನ್ನ ಕ್ರಿಕೆಟ್ ಬ್ಯಾಟನ್ನೂ ಪೊರೆ ಬಂದ ಫೋನನ್ನೂ ಅವರಿಗೆ ಕೊಟ್ಟು ಕ್ಯಾಮೆರಾ ತಂದೆ. ನಾನು ಅಂಗಡಿಯಿಂದ ಇಳಿಯುವಾಗ ಅವರು ಆಗಲೇ ಇನ್ನೊಬ್ಬ ಗಿರಾಕಿಗೆ ನನ್ನ ಬ್ಯಾಟು ತೋರಿಸುತ್ತಿದ್ದರು. ದೊರೆ ಕ್ರಿಕೆಟ್ಟೂ ಆಡುತ್ತಿದ್ದರಂತೆ.

ಕ್ಯಾಮೆರಾದ ಸುಖವನ್ನು ಹೇಗೆ ಹೇಳಲಿ. ಇದನ್ನು ಮಾತ್ರ ನಾನು ಎಳೆಯದೆ ಹೇಳುತ್ತೇನೆ. ಆ ಚರ್ಮದ ಚೀಲ ಬಿಚ್ಚಿದರೆ ಹಳೇ ಬಸ್ಸಿನ ಸೀಟಿನ ವಾಸನೆ. ಬಲಗಡೆಯ ಪುಟ್ಟ ಸನ್ನೆಯನ್ನು, ಅಂದರೆ ರೀಲು ಮುಂದೆ ಸರಿಸುವ ಲಿವರನ್ನು, ಹೆಬ್ಬೆರಳಿನಿಂದ ಎಳೆದರೆ ಒಳಗೆ ಯಾರೋ ಹಲ್ಲು ಕಡಿದಂತೆ ಕರ್‌ರ್ ಅನ್ನುತ್ತದೆ. ಗುಂಡಿ ಒತ್ತಿದರೆ ಕ್ಳಕ್. ಫೋನಿನಲ್ಲೂ ಕ್ಳಕ್ ಬರುತ್ತದೆ, ಆದರೆ ಅದು ಮಿಮಿಕ್ರಿ. ಇದು ಕಬ್ಬಿಣ ಕಬ್ಬಿಣಕ್ಕೆ ತಾಗಿದ ನಿಜವಾದ ಕ್ಳಕ್. ಎಲ್ಲಕ್ಕಿಂತ ಹೆಚ್ಚಾಗಿ ಅದರ ಕಿಟಕಿ. ಅದರೊಳಗೆ ಕಣ್ಣಿಟ್ಟರೆ ಎದುರಿಗಿರುವ ಒಬ್ಬ ಮನುಷ್ಯ ಇಬ್ಬರಾಗಿ, ಒಬ್ಬರಿಗೊಬ್ಬರು ಅಂಟಿಕೊಂಡು ಮಸುಕಾಗಿ ಕಾಣುತ್ತಾರೆ. ಮುಂದಿನ ಉಂಗುರವನ್ನು ನಿಧಾನವಾಗಿ ತಿರುಗಿಸಿದರೆ ಆ ಇಬ್ಬರೂ ಹತ್ತಿರ ಹತ್ತಿರ ಬಂದು, ಸರಿಯಾದ ಜಾಗದಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಮೊದಲ ದಿನ ಹೊಲಿಗೆ ಮಿಷನ್ ತುಳಿಯುತ್ತಿದ್ದ ಅಮ್ಮನನ್ನು ಎಷ್ಟು ಸಲ ಇಬ್ಬರು ಮಾಡಿ ಒಬ್ಬಳು ಮಾಡಿದೆನೋ. ಇಬ್ಬರಾದಾಗ ಸ್ವಲ್ಪ ಭಯವಾಗುತ್ತಿತ್ತು, ನನಗೆ ಒಬ್ಬಳೇ ಸಾಕು.

"ಏನ್ಲಾ ಅದು, ಆಗ್ಲಿಂದ ಒಂದು ಕಣ್ಣು ಮುಚ್ಕಂಡು ನನ್ನನ್ನೇ ನೋಡ್ತಿದೀಯ?" ಅಂದಳು ಅಮ್ಮ.

"ಫೋಕಸ್ ಮಾಡ್ತಿದೀನಿ ಕಣಮ್ಮಾ."

"ಅದ್ನೇ ಓದೋ ಪುಸ್ತಕದ ಮ್ಯಾಲೆ ಮಾಡ್ಲಾ."

ಫಿಲಂ ಈಗ ಸುಲಭಕ್ಕೆ ಸಿಗುವುದಿಲ್ಲ. ನನ್ನ ಕೈಖರ್ಚನ್ನೆಲ್ಲ ಸುರಿದು ಒಂದೇ ಒಂದು ರೀಲನ್ನು ತರಿಸಿಕೊಂಡೆ. ಮೂವತ್ತಾರು ಫೋಟೋ, ಅಷ್ಟೇ. ಅದನ್ನು ಕ್ಯಾಮೆರಾಕ್ಕೆ ಹಾಕುವ ಕಾರ್ಯಕ್ರಮವನ್ನು ಸೆಲ್ವನ ಎದುರಿಗೆ ಇಟ್ಟುಕೊಂಡೆ. ಕಿಟಕಿ ಮುಚ್ಚಿಸಿದೆ. ಫ್ಯಾನ್ ಆರಿಸಿದೆ. ಫ್ಯಾನಿಗೂ ಫಿಲಮ್ಮಿಗೂ ಯಾವ ಸಂಬಂಧವೂ ಇಲ್ಲ, ಆದರೆ ನೋಡುವವನು ಬೆವರಬೇಕು. ಆಪರೇಷನ್ ಮಾಡುವ ಡಾಕ್ಟರ ಹಾಗೆ ಕೈ ಒರೆಸಿಕೊಂಡು, ರೀಲಿನ ಡಬ್ಬಿಯನ್ನು ಎಡಗಡೆಯ ಗೂಡಿನಲ್ಲಿಟ್ಟು, ಅದರಿಂದ ಹೊರಬಂದ ಫಿಲಮ್ಮಿನ ನಾಲಿಗೆಯನ್ನು ಬಲಗಡೆಗೆ ಎಳೆದು, ಹಿಂದಿನ ಬಾಗಿಲನ್ನು ಟಪ್ಪನೆ ಮುಚ್ಚಿದೆ. ಎಲ್ಲ ಎಷ್ಟು ಠೀವಿಯಿಂದ ಮಾಡಿದೆನೆಂದರೆ ಸೆಲ್ವ ಉಸಿರು ಬಿಡುವುದನ್ನೂ ಮರೆತಿದ್ದ.

ಆಮೇಲೆ ಗೊತ್ತಾಯಿತು ಫಿಲಂ ಕ್ಯಾಮೆರಾದ ಅಸಲೀ ಮಹಿಮೆ. ಅದರಲ್ಲಿ ತೆಗೆದ ಫೋಟೋವನ್ನು ಯಾರೂ ನೋಡಲಾಗುವುದಿಲ್ಲ. ರೀಲು ಮುಗಿಯಬೇಕು, ಬೆಂಗಳೂರಿಗೆ ಹೋಗಬೇಕು, ಕತ್ತಲೆಯಲ್ಲಿ ತೊಳೆಯಬೇಕು, ಅಲ್ಲಿಯವರೆಗೆ ಆ ಫೋಟೋ ಹೇಗಿದೆ ಎನ್ನುವುದಕ್ಕೆ ನಾನೊಬ್ಬನೇ ಸಾಕ್ಷಿ. ನನ್ನಂಥವನ ಕೈಗೆ ಇಂಥ ಯಂತ್ರ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಒಂದು ಸಂಜೆ ಸೈನೈಡ್ ದಿಬ್ಬದ ಮೇಲೆ ಸೂರ್ಯ ಇಳಿಯುತ್ತಿದ್ದಾಗ ಒಂದು ಮೇಕೆ ಅಡ್ಡ ಬಂತು. ತೆಗೆದೆ. ಮಾರನೆಯ ದಿನ ಟ್ರೇನಿನಲ್ಲಿ ಸೆಲ್ವನಿಗೂ ಕಾಲೇಜಿನ ಗುಂಪಿಗೂ ಆ ಫೋಟೋವನ್ನು ವಿವರಿಸಿದೆ. ಕೋರಮಂಡಲದಲ್ಲಿ ಟ್ರೇನು ಹತ್ತುವಾಗ ಅದರಲ್ಲಿ ಒಂದೇ ಮೇಕೆ ಇತ್ತು. ಬಂಗಾರಪೇಟೆಯಲ್ಲಿ ಇಳಿಯುವಷ್ಟರಲ್ಲಿ ಹಿಂಡಾಗಿತ್ತು. ಮುಂದಿನ ವಾರ ಹಿಂಡಿನ ಮುಂದೆ ಒಂದು ಹೋತ ಬಂದು ನಿಂತಿತು, ಅದರ ಎರಡು ಕೊಂಬಿನ ನಡುವೆ ಸರಿಯಾಗಿ ಸೂರ್ಯ.

"ಹೋದ್ವಾರ ಹೋತ ಇರ್ಲಿಲ್ವಲ್ಲ ಮಚ್ಚಾ," ಅಂದ ಸೆಲ್ವ.

"ಫೋಟೋದಲ್ಲಿ ಇತ್ತು ಕಣ್ಲಾ. ಏಳಾದು ಮರ್ತಿದ್ದೆ."

"ಸರಿ, ಯಾವಾಗ ತೋರಿಸ್ತೀಯ?"

"ಇದು ಫಿಲಮ್ಮು. ನಿನ್ ಫೋನಂಗೆ ತೆಗ್ದ ತಕ್ಷಣ ಮುಖಕ್ಕೆ ಇಡಿಯಾಕೆ ಆಗ್ತದಾ? ಕಾಯ್ಬೇಕು. ಕಲೆ ಅಂದ್ರೆ ಕಾಯೋದು."

ಈ ಕೊನೆಯ ಮಾತು ನನ್ನದೇ. ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು. ಗುಂಪಿನ ಹುಡುಗಿಯೊಬ್ಬಳು ಅದನ್ನು ಫೋನಿನಲ್ಲಿ ಬರೆದುಕೊಂಡಳು, ಅಥವಾ ಅವಳಮ್ಮನಿಗೆ ಟ್ರೇನು ಹೊರಟಿತು ಅಂತ ಮೆಸೇಜ್ ಮಾಡಿದಳು. ಮೊದಲನೆಯದೇ ಇರಬೇಕು ಅಂತ ನನ್ನ ಅಭಿಪ್ರಾಯ.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಕೀರ್ತಿ ಟ್ರೇನಿನಿಂದ ಇಳಿದು ನಮ್ಮ ಲೈನಿಗೂ ಬಂತು. ಲೈನು ಅಂದರೆ ಗಣಿಯ ಕಾಲದಲ್ಲಿ ಕಟ್ಟಿದ, ಒಂದರ ಬೆನ್ನಿಗೆ ಒಂದು ಆನಿಸಿ ನಿಂತ ಪುಟ್ಟ ಮನೆಗಳ ಸಾಲು. ಅಲ್ಲಿ ಒಂದು ಮನೆಯಲ್ಲಿ ಸೀನಿದರೆ ನಾಲ್ಕನೇ ಮನೆಯವರು ಹರಸುತ್ತಾರೆ. ಅಪ್ಪ ಈ ಊರಿನ ಫ್ಯಾಕ್ಟರಿಗೆ ಸೇರಿದ ಮೇಲೆ ಕ್ಯಾಸಂಬಳ್ಳಿ ಕಡೆಯಿಂದ ನಮ್ಮವರು ಇಲ್ಲಿಗೆ ಬಂದರು, ನಾನು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ. ಸೆಲ್ವನ ಮನೆಯವರು ಗಣಿಯ ಕಾಲದಿಂದಲೂ ಇರುವವರು. ಅವನ ಅಜ್ಜಿಯನ್ನು ಇಡೀ ಲೈನು ಪಾಟಿ ಅಂತಲೇ ಕರೆಯುತ್ತದೆ. ಲೈನಿನ ಹುಡುಗರನ್ನೆಲ್ಲ ಅವರು ತಮಿಳಿನಲ್ಲಿ ಮುದ್ದಿನಿಂದ 'ಕಣ್ಣು' ಅನ್ನುತ್ತಾರೆ. ಒಂದು ಬೆಳಗ್ಗೆ ಪಾಟಿ ನಮ್ಮ ಹೊಸ್ತಿಲಿಗೆ ಬಂದು ನನ್ನ ಗಲ್ಲ ಹಿಡಿದರು.

"ಕಣ್ಣು, ನಿನ್ನ ಹತ್ರ ರೀಲ್ ಕ್ಯಾಮೆರಾ ಇದೆಯಂತೆ. ನನಗೊಂದು ಫೋಟೋ ತೆಗಿ."

"ಸೆಲ್ವನ ಫೋನಲ್ಲಿ ಚೆನ್ನಾಗಿ ಬರುತ್ತಲ್ಲ ಪಾಟಿ?"

"ಅಯ್ಯೋ, ಅದರಲ್ಲಿ ನನ್ನ ಮುಖ ಉಜ್ಜಿ ಬಿಳಿ ಮಾಡ್ತಾನೆ. ಯಾರೋ ಬೇರೆ ಹೆಂಗಸು. ನನಗೆ ಗೋಡೆ ಮೇಲೆ ಹಾಕೋ ಫೋಟೋ ಬೇಕು. ನಮ್ಮನೇಲಿ ಸೆಲ್ವನ ತಾತನದು ಇದೆ ನೋಡು, ರೀಲ್ ಕ್ಯಾಮೆರಾದಲ್ಲಿ ತೆಗೆದಿದ್ದು, ಎಷ್ಟು ಗಂಭೀರ. ನಾಳೆ ನಾನು ಹೋದ ಮೇಲೆ ಅವರ ಪಕ್ಕದಲ್ಲಿ ಕೂರಬೇಕಲ್ಲ. ಜೋಡಿ ಸರಿಯಾಗಿರಬೇಕು."

ಪಾಟಿ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು, ಹಬ್ಬಕ್ಕೆ ಮಾತ್ರ ಹಾಕುವ ಹಲ್ಲಿನ ಸೆಟ್ ಹಾಕಿಕೊಂಡು, ಅಂಗಳದಲ್ಲಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಉಂಗುರ ತಿರುಗಿಸಿ ಇಬ್ಬರು ಪಾಟಿಯರನ್ನು ಒಬ್ಬರು ಮಾಡಿದೆ.

"ಸ್ವಲ್ಪ ನಗಿ ಪಾಟಿ."

"ಗೋಡೆ ಮೇಲೆ ಹಾರ ಹಾಕಿಸ್ಕೊಂಡು ಯಾರಾದ್ರೂ ನಗ್ತಾರಾ? ಬಂದವರು ಏನಂದ್ಕೋತಾರೆ? ಹೋಗಿದ್ದಕ್ಕೆ ಖುಷಿ ಅಂತ. ನೀನು ತೆಗಿ."

ತೆಗೆದೆ. "ಪಾಟಿ, ಇಡೀ ರೀಲಲ್ಲಿ ಇದೇ ರಾಜ" ಅಂತಲೂ ಹೇಳಿದೆ. ಅವತ್ತಿನಿಂದ ನನಗೆ ಮುರುಕು, ಅಧಿರಸ, ಒಂದೊಂದು ದಿನ ಬಿಸಿ ಪಣಿಯಾರ ಬರತೊಡಗಿದವು. ಜೊತೆಗೆ ದಿನಾ ಬೆಳಗ್ಗೆ ಗೋಡೆಯಾಚೆಯಿಂದ ಒಂದು ಕೂಗು, "ಕಣ್ಣು, ಫೋಟೋ ಬಂತಾ?" ಒಮ್ಮೆ ಪಾಟಿಗೆ ಜ್ವರ ಬಂದು ಮಲಗಿದಾಗ ನೋಡಲು ಹೋದೆ. ಕಂಬಳಿಯೊಳಗಿಂದಲೇ, "ಹೆದರಬೇಡ, ಫೋಟೋ ಬರೋವರೆಗೂ ನಾನು ಎಲ್ಲೂ ಹೋಗಲ್ಲ" ಅಂದರು. ಸೆಲ್ವ ಹೊರಗೆ ಬಂದು, "ಲೇ, ಫೋಟೋನ ನಿಧಾನಕ್ಕೇ ತಗೊಂಡು ಬಾರೋ" ಅಂದ. ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ ನನಗೆ ತಿಳಿಯಲಿಲ್ಲ.

ಆಯಿತಲ್ಲ, ಮಹಾನವಮಿ ಹತ್ತಿರ ಬಂತು. ಒಂದು ದಿನ ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಅಂಕಿ ನೋಡಿದೆ. ಮೂವತ್ತಾರು ದಾಟಿ ಮುಂದೆ ಹೋಗಿತ್ತು. ಸನ್ನೆ ಎಳೆದೆ, ಇನ್ನೂ ಆರಾಮಾಗಿ ಬಂತು. ಮತ್ತೆ ಎಳೆದೆ, ಮತ್ತೆ ಬಂತು. ಮೊದಲು ನನಗೆ ಹೆಮ್ಮೆಯೇ ಆಯಿತು. ದೊರೆ ಕ್ಯಾಮೆರಾ, ಧಾರಾಳ ಜಾಸ್ತಿ. ಟ್ರೇನಿನಲ್ಲಿ "ನನ್ನ ಕ್ಯಾಮೆರಾದಲ್ಲಿ ರೀಲು ಮುಗಿಯೋದೇ ಇಲ್ಲ" ಅಂತ ಹೇಳಿಯೂಬಿಟ್ಟೆ. ಸಂಜೆ ಮನೆಗೆ ಬಂದು, ಅನುಮಾನಕ್ಕೆ ಇರಲಿ ಅಂತ ಅಪ್ಪನ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲೊಬ್ಬರು ಬಹಳ ತಾಳ್ಮೆಯಿಂದ, ಮಗುವಿಗೆ ಹೇಳುವ ಹಾಗೆ ಹೇಳಿದರು: ಡಬ್ಬಿಯಿಂದ ಬಂದ ಫಿಲಮ್ಮಿನ ನಾಲಿಗೆಯನ್ನು ಬಲಗಡೆಯ ಚಕ್ರದ ಸೀಳಿಗೆ ಸಿಕ್ಕಿಸಬೇಕು. ಸಿಕ್ಕಿದ್ದರೆ ನೀವು ಸನ್ನೆ ಎಳೆದಾಗಲೆಲ್ಲ ಎಡಗಡೆಯ ಗುಂಡಿ ತಾನಾಗಿ ತಿರುಗುತ್ತದೆ. ತಿರುಗದಿದ್ದರೆ ಫಿಲಂ ಕದಲಿಯೇ ಇಲ್ಲ, ನೀವು ತೆಗೆದದ್ದೆಲ್ಲ ಶೂನ್ಯ.

ನನ್ನ ಎಡಗಡೆಯ ಗುಂಡಿಯನ್ನು ನೆನಪಿಸಿಕೊಂಡೆ. ಅದು ಮೊದಲ ದಿನದಿಂದಲೂ ರಾಷ್ಟ್ರಗೀತೆಗೆ ನಿಂತ ಹಾಗೆ ನಿಂತಿತ್ತು.

ಸನ್ನೆ ಎಳೆದು ನೋಡಿದೆ. ಗುಂಡಿ ಕದಲಲಿಲ್ಲ. ದಿಬ್ಬ ಇಲ್ಲ, ಸೂರ್ಯ ಇಲ್ಲ, ಹೋತ ಇಲ್ಲ, ಆ ಮೂಲದ ಒಂದು ಮೇಕೆಯೂ ಇಲ್ಲ. ಅವೆಲ್ಲ ಹೋಗಲಿ, ಪಾಟಿ ಇಲ್ಲ. ರೇಷ್ಮೆ ಸೀರೆ, ಹಲ್ಲಿನ ಸೆಟ್, ಆ ಗಾಂಭೀರ್ಯ ಎಲ್ಲ ಗಾಳಿಗೆ ಹೋಗಿತ್ತು, ನಾನು ತಿಂದ ಅಧಿರಸ ಮಾತ್ರ ನನ್ನಲ್ಲೇ ಇತ್ತು. ಒಂದು ಕ್ಷಣ ಹೋಗಿ ನಿಜ ಹೇಳಿಬಿಡೋಣ ಅನ್ನಿಸಿತು. ಆದರೆ ನಿಜ ಹೇಳುವುದಕ್ಕೆ ನನಗೆ ರೂಢಿ ತಪ್ಪಿತ್ತು. ಹೇಳಿದರೆ ಪಾಟಿ ಬೈಯುವವರಲ್ಲ, "ಪರವಾಗಿಲ್ಲ ಕಣ್ಣು" ಅನ್ನುತ್ತಾರೆ, ಅದೇ ತೊಂದರೆ. ಸೆಲ್ವನಂತೂ ಪಿಯುಸಿ ಮುಗಿಯುವವರೆಗೆ ಪ್ರತಿ ಸ್ಟೇಷನ್ನಿನಲ್ಲೂ ಮೇಕೆಯ ಹಾಗೆ ಕೂಗುತ್ತಾನೆ.

ಆಗ ನನಗೆ ದಾರಿ ತೋರಿಸಿದ್ದು ಆಯುಧಪೂಜೆ. ನಮ್ಮ ಮನೆಯ ಆಯುಧಪೂಜೆಯ ಬಗ್ಗೆ ನಿಮಗೆ ಹೇಳಲೇಬೇಕು. ಫ್ಯಾಕ್ಟರಿಯಲ್ಲಿ ಪೂಜೆಗೆ ಮುಂಚೆ ಪ್ರತಿಯೊಂದು ಮಿಷನ್ನನ್ನೂ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಆಮೇಲೆ ಕುಂಕುಮ ಇಡುತ್ತಾರೆ. ಒಳಗೆ ಕೊಳೆ ಇಟ್ಟುಕೊಂಡು ಹೊರಗೆ ಕುಂಕುಮ ಬಳಿದರೆ ಅದು ಪೂಜೆಯಲ್ಲ, ಮೋಸ ಅನ್ನುವುದು ಅಪ್ಪನ ಮಾತು. ಅವತ್ತು ಅಪ್ಪ ಫ್ಯಾಕ್ಟರಿ ಪೂಜೆಗೆ ಹೋಗಿಬಿಡುತ್ತಾರೆ, ಮನೆಯ ಉಸ್ತುವಾರಿ ಅಮ್ಮನದು. ಅಮ್ಮ ಆ ಮಾತನ್ನು ಅಪ್ಪನಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ಮತ್ತು ಉದ್ದ ಮೂಗಿನ ಎಣ್ಣೆ ಡಬ್ಬಿ ಹಿಡಿದು ಕೂತಳೆಂದರೆ ಮನೆಯಲ್ಲಿ ಬಿಚ್ಚಲು ಬರುವ ವಸ್ತು ಯಾವುದೂ ಬಿಚ್ಚದೆ ಉಳಿಯುವುದಿಲ್ಲ. ಮಿಕ್ಸಿ, ಸೈಕಲ್ಲು, ಟಾರ್ಚು, ಈಳಿಗೆಮಣೆ. ಹೋದ ವರ್ಷ ಟಿವಿ ರಿಮೋಟನ್ನು ಬಿಚ್ಚಿ, ಒರೆಸಿ, ಒಂದು ತೊಟ್ಟು ಎಣ್ಣೆಯನ್ನೂ ಬಿಟ್ಟಿದ್ದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಟಿವಿಯ ಸದ್ದು ಏರುತ್ತದೆ, ಇಳಿಯುವುದಿಲ್ಲ.

ಫಿಲಂ ಇರುವ ಕ್ಯಾಮೆರಾದ ಬಾಗಿಲನ್ನು ಬೆಳಕಿನಲ್ಲಿ ತೆರೆದರೆ ತೆಗೆದ ಫೋಟೋಗಳೆಲ್ಲ ಸುಟ್ಟುಹೋಗುತ್ತವೆ ಅನ್ನುವುದು ಸೆಲ್ವನಿಗೂ ಗೊತ್ತು, ನಾನೇ ಸಾವಿರ ಸಲ ಹೇಳಿದ್ದೆ. ಈಗ ಅರ್ಥವಾಯಿತಲ್ಲ? ಕ್ಯಾಮೆರಾವನ್ನು ಪೂಜೆಗೆ ಇಡುವುದು. ಅಮ್ಮ ತೆರೆಯುತ್ತಾಳೆ. ಫೋಟೋಗಳು ಹೋಗುತ್ತವೆ, ಅಂದರೆ ಇಲ್ಲದ ಫೋಟೋಗಳು ಇಲ್ಲವಾಗುತ್ತವೆ. ದೇವರ ಕೆಲಸದಲ್ಲಿ ಆದದ್ದು, ಯಾರನ್ನು ಯಾರು ಬೈಯುವುದು? ನನ್ನ ಹೋತ ಅದರ ಕೊಂಬಿನ ನಡುವಿನ ಸೂರ್ಯನ ಸಮೇತ ಅಮರವಾಗುತ್ತದೆ. ಪಾಟಿಯನ್ನು ಹೊಸ ರೀಲಿನಲ್ಲಿ ಸರಿಯಾಗಿ ತೆಗೆದುಕೊಟ್ಟರಾಯಿತು. ಇಷ್ಟು ಚೆಂದದ ಉಪಾಯ ನನ್ನ ತಲೆಯಿಂದಲೇ ಬಂತು ಅನ್ನುವುದನ್ನು ಯಾರಿಗೂ ಹೇಳಿಕೊಳ್ಳಲಾಗುವುದಿಲ್ಲವಲ್ಲ ಅನ್ನುವುದೊಂದೇ ಸಂಕಟ.

ಹಬ್ಬದ ಬೆಳಗ್ಗೆ ಕ್ಯಾಮೆರಾವನ್ನು ಅಮ್ಮನ ಮುಂದಿಟ್ಟೆ.

"ಇದ್ಕೂ ಪೂಜೆ ಮಾಡಮ್ಮಾ. ಚೆನ್ನಾಗಿ ಒರ್ಸು. ಒಳಗೂ."

ಅಮ್ಮ ನನ್ನನ್ನೇ ದಿಟ್ಟಿಸಿ ನೋಡಿದಳು. "ಓದ್ ವರ್ಷ ಸೈಕಲ್ ತೊಳ್ಯೋ ಅಂದ್ರೆ ಓಡೋಗಿದ್ದೆ. ನಿಂಗೆ ಯಾವಾಗಿಂದ ಬಂತ್ಲಾ ಭಕ್ತಿ?"

"ಇದು ನನ್ ಆಯುಧ ಕಣಮ್ಮಾ."

"ಸರಿ ಮಡಗು. ಎಲ್ಲೆಲ್ಲೋ ಸುತ್ಕಂಡು ಕೂರ್ಬೇಡ, ಮಧ್ಯಾನಕ್ಕೆ ಬಾ."

ನಾನು ಸೆಲ್ವನನ್ನು ಕರೆದುಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದೆ. ಬಸ್ಸುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಮದುಮಕ್ಕಳಂತೆ ನಿಂತಿದ್ದವು. ರಸ್ತೆ ತುಂಬ ಒಡೆದ ಬೂದುಗುಂಬಳ, ಅದರ ಮೇಲೆ ಕಾಲಿಟ್ಟವರೆಲ್ಲ ನಮಸ್ಕಾರ ಹಾಕುತ್ತಿದ್ದರು. ನನ್ನ ಮನಸ್ಸು ಮಾತ್ರ ಮನೆಯಲ್ಲೇ ಇತ್ತು. ದಾರಿಯುದ್ದಕ್ಕೂ ಅಳುವುದನ್ನು ಅಭ್ಯಾಸ ಮಾಡಿಕೊಂಡೆ. ಕಣ್ಣು ಬಡಿಯದೆ ಎದುರುಗಾಳಿಗೆ ನಡೆದರೆ, ಅದರಲ್ಲೂ ದಿಬ್ಬದ ಧೂಳಿದ್ದರೆ, ನೀರು ತಾನಾಗಿ ಬರುತ್ತದೆ.

ಮನೆಗೆ ಬಂದಾಗ ಎಲ್ಲವೂ ನಾನು ಹೇಳಿ ಮಾಡಿಸಿದ ಹಾಗೇ ಇತ್ತು. ಹಾಲ್‌ನಲ್ಲಿ ಚಾಪೆಯ ಮೇಲೆ ಮಿಕ್ಸಿ, ಸೈಕಲ್ಲು, ಹೊಲಿಗೆ ಮಿಷನ್ನು, ಎಲ್ಲದರ ಹಣೆಗೂ ಅರಿಶಿನ ಕುಂಕುಮ. ನಡುವೆ ನನ್ನ ಕ್ಯಾಮೆರಾ, ಎಣ್ಣೆ ಒರೆಸಿ ಫಳಫಳ, ತಲೆಯ ಮೇಲೆ ಚೆಂಡುಹೂವು, ಕಣ್ಣಿನ ಮುಚ್ಚಳಕ್ಕೆ ಒಂದು ದೊಡ್ಡ ಬೊಟ್ಟು, ಬೆನ್ನಿಗೆ ಇನ್ನೊಂದು. ಪಾಟಿ ಅದೇ ರೇಷ್ಮೆ ಸೀರೆಯಲ್ಲಿ ಬಂದು ಕುರ್ಚಿಯ ಮೇಲೆ ಕೂತು ಪುರಿ ಕಡಲೆ ತಿನ್ನುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ಕ್ಯಾಮೆರಾ ತೆಗ್ದು ಒರ್ಸವ್ಳೆ," ಅಂದೆ, ಬಹಳ ಮೆಲ್ಲಗೆ. ಗಟ್ಟಿಯಾಗಿ ಅತ್ತರೆ ಬೆಲೆ ಇರುವುದಿಲ್ಲ.

ಸೆಲ್ವನ ಮುಖ ಬಿಳಚಿಕೊಂಡಿತು. "ಲೇ. ರೀಲು?"

"ಓಯ್ತು ಕಣ್ಲಾ. ಬೆಳಕು ಬಿದ್ರೆ ಇನ್ನೇನ್ ಉಳೀತದೆ. ದಿಬ್ಬ, ಸೂರ್ಯ, ಹೋತ, ಎಲ್ಲಾ ಓಯ್ತು." ನಾನು ಗೋಡೆಗೆ ಒರಗಿ ಕೂತೆ. "ಅಮ್ಮನ್ನ ಏನೂ ಅನ್ಬೇಡ. ಅವ್ಳಿಗೇನ್ ಗೊತ್ತು ಪಾಪ. ದೇವ್ರು ಕೇಳಿದ, ಕೊಟ್ಬಿಟ್ಟೆ ಅನ್ಕೊತೀನಿ."

ಸೆಲ್ವ ನನ್ನ ಪಕ್ಕ ಕೂತು ಹೆಗಲ ಮೇಲೆ ಕೈ ಹಾಕಿದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. "ಆ ಹೋತ ಮಚ್ಚಾ," ಅಂದ. "ನಾನು ನೋಡೇ ಇಲ್ಲ, ಆದ್ರೂ ಕಣ್ಣಲ್ಲೇ ಇದೆ." ಪಾಟಿ ಪುರಿಯ ತಟ್ಟೆಯನ್ನು ಕೆಳಗಿಟ್ಟು ಎದ್ದು ಬಂದು ನನ್ನ ತಲೆ ಸವರಿದರು.

"ಅಳಬೇಡ ಕಣ್ಣು. ಫೋಟೋ ತಾನೇ ಹೋಗಿದ್ದು, ನಾನು ಇದೀನಲ್ಲ. ಇನ್ನೊಂದು ವರ್ಷ ಇರ್ತೀನಿ ಬಿಡು. ನಿಧಾನಕ್ಕೆ ತೆಗಿ."

ಅವರ ಮುಖ ನೋಡದೆ ತಲೆ ತಗ್ಗಿಸಿದೆ. ಆದರೆ ಗೆದ್ದಿದ್ದೆ. ಕೆ.ಜಿ.ಎಫ್‌.ನ ಇತಿಹಾಸದಲ್ಲೇ, ಇಲ್ಲ, ಕೋಲಾರ ಜಿಲ್ಲೆಯ ಇತಿಹಾಸದಲ್ಲೇ, ತೆಗೆಯದ ಫೋಟೋಗಳಿಗೆ ಇಂಥ ಗೌರವ ಸಿಕ್ಕಿರಲಾರದು. ಇನ್ನೊಂದು ನಿಟ್ಟುಸಿರು ಬಿಡೋಣ ಅಂತ ಎದೆ ತುಂಬ ಉಸಿರೆಳೆದುಕೊಂಡೆ. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿಂದ ಬಂದಳು.

"ಯಾಕ್ ನಾಯ್ನಾ ಇಂಗೆ ಕುಂತಿದೀಯ? ರೀಲಾ? ಅದ್ಕೇನಾಗಿಲ್ಲ ಏಳು. ಬಾಗ್ಲು ತೆಗ್ದು ನೋಡ್ದೆ, ಎಲ್ಲಾ ಡಬ್ಬಿ ಒಳ್ಗೇ ಬೆಚ್ಚಗೆ ಐತೆ. ಬರೀ ನಾಲಿಗೆಯಷ್ಟು ಈಚೆ ಬಂದಿತ್ತು. ಆ ಕಡೆ ಚಕ್ರಕ್ಕೆ ಸಿಕ್ಕೇ ಇರ್ಲಿಲ್ಲ, ಬಾಬಿನ್‌ಗೆ ದಾರ ಸಿಕ್ಕಿಸ್ದಂಗೆ ಸಿಕ್ಕಿಸಿ ಮುಚ್ಚಿಟ್ಟಿದೀನಿ." ಆಮೇಲೆ ಪಾಟಿಯ ಕಡೆ ತಿರುಗಿದಳು. ನನ್ನ ಬಗ್ಗೆ ಅಮ್ಮನ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಹತ್ತನೇ ಕ್ಲಾಸ್ ಪಾಸಾದಾಗಲೂ ನೋಡಿರಲಿಲ್ಲ. "ನಾನೇನೋ ಈ ಮುಂಡೇದು ಕೈಗೆ ಸಿಕ್ಕಿದ್ದೆಲ್ಲ ದುಂದು ಮಾಡ್ತಾನೆ ಅನ್ಕಂಡಿದ್ದೆ ಕಣಮ್ಮಾ. ಇಷ್ಟು ದಿನ ಆಯ್ತು, ಒಂದು ಗೇಣು ರೀಲೂ ಖರ್ಚು ಮಾಡಿಲ್ಲ ನೋಡಿ. ಒಸದಂಗೇ ಮಡಗವ್ನೆ. ತಗಳ್ಲಾ, ಪಾಟಿ ಎಂಗೂ ರೇಷ್ಮೆ ಸೀರೇಲಿ ಅವ್ರೆ, ಮೊದ್ಲು ಅವ್ರುದು ತೆಗಿ."

ನನ್ನ ಹೆಗಲ ಮೇಲಿದ್ದ ಸೆಲ್ವನ ಕೈ ನಿಧಾನವಾಗಿ ಇಳಿಯಿತು. ಪಾಟಿ ಕುರ್ಚಿಗೆ ಹೋಗಿ ಕೂತು, ಸೆರಗು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿದರು. ನಾನು ಕ್ಯಾಮೆರಾ ಎತ್ತಿಕೊಂಡು, ಬೊಟ್ಟಿಟ್ಟ ಮುಚ್ಚಳ ತೆಗೆದು, ಸನ್ನೆ ಎಳೆದೆ. ಎಡಗಡೆಯ ಗುಂಡಿ, ಜ್ಞಾಪಕದಲ್ಲಿಟ್ಟುಕೊಳ್ಳಿ, ಮೊದಲನೇ ಸಲ ತಿರುಗಿತು.

"ಹಂಗಾದ್ರೆ," ಅಂದ ಸೆಲ್ವ, ಹಿಂದಿನಿಂದ, "ಆ ಮೇಕೆಗಳು?"

"ಯಾವ ಮೇಕೆನ್ಲಾ?" ಅಂದಳು ಅಮ್ಮ.

ಪಾಟಿಗೆ ತಡೆಯಲಾಗಲಿಲ್ಲ. ಹಲ್ಲಿನ ಸೆಟ್ಟು ಅಲ್ಲಾಡುವಷ್ಟು ನಗತೊಡಗಿದರು. ಗೋಡೆಯ ಮೇಲೆ ತಾತನ ಪಕ್ಕದಲ್ಲಿ ಕೂರುವವರು ಹೀಗೆ ನಗಬಾರದು ಅಂತ ಹೇಳಿದ್ದವರು ಅವರೇ. ಹಳೇ ಕ್ಯಾಮೆರಾದ ಇನ್ನೊಂದು ಅನುಕೂಲ ಅವತ್ತು ಗೊತ್ತಾಯಿತು. ಅದು ದೊಡ್ಡದಾಗಿರುವುದರಿಂದ ಹಿಂದೆ ಅರ್ಧ ಮುಖ ಮುಚ್ಚಿಕೊಳ್ಳಬಹುದು. ನಾನು ಅದನ್ನು ಇಳಿಸದೆ ಬಹಳ ಹೊತ್ತು ಫೋಕಸ್ ಮಾಡುತ್ತಲೇ ನಿಂತಿದ್ದೆ, ಮೂಗಿಗೆಲ್ಲ ಕುಂಕುಮ ಮೆತ್ತಿಕೊಂಡು.